ಅಂಗಳದಲ್ಲಿ ನಿಂತ ಅಣ್ಣ

ಜೂನ್ ತಿಂಗಳ ಮೊದಲನೆಯ ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಮಾಲೂರು, ರೈಲು ಹಳಿಯಿಂದ ಮೂರನೆಯ ಬೀದಿ, ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ನನ್ನ ಹೆಂಡತಿ, ನನ್ನ ತಂಗಿ, ಮತ್ತು ಅಣ್ಣ. ಒಟ್ಟು ನಾಲ್ಕು.

ನನ್ನ ತಂಗಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ನೀವು ನಂಬುವುದಿಲ್ಲ! ಅವಳಿಗೆ ಅರವತ್ತಾರು ವರ್ಷ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ಹಾಲಿಗೆ ನೀರು ಬೆರೆಸಿದ್ದನ್ನು ಪಾತ್ರೆಗೆ ಸುರಿಯುವ ಸದ್ದಿನಲ್ಲೇ ಹೇಳುತ್ತಾಳೆ. ನೆಂಟರಿಷ್ಟರ ಮೂರು ತಲೆಮಾರಿನ ಮದುವೆಗಳಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡು ಊಟ ಬಿಟ್ಟು ಎದ್ದರೆಂಬುದು ಅವಳಿಗೆ ಬಾಯಿಪಾಠ. ಅಂಥವಳು ಹನ್ನೊಂದು ದಿನಗಳಿಂದ ಬೆಳಿಗ್ಗೆ ಸರಿಯಾಗಿ ಆರೂ ಹತ್ತಕ್ಕೆ ಬಂದು ಗೇಟಿನ ಪಕ್ಕದ ಸೇಬಿನ ಗಿಡದ ಕೆಳಗೆ ಸೆರಗೊಡ್ಡಿ ನಿಲ್ಲುತ್ತಿದ್ದಳು. ಗಿಡದ ತುದಿಯಲ್ಲಿ ಒಂದು ಹಣ್ಣು. ಒಂದೇ ಒಂದು.

ನಾನು ಏಣಿ ತಂದರೆ ಅವಳು ಕಣ್ಣಲ್ಲೇ ತಡೆಯುತ್ತಿದ್ದಳು.

"ಕೀಳ್ಬೇಡ ಚಿಕ್ಕಣ್ಣ. ಅವನೇ ಕೊಡ್ತಾನೆ."

ಅವನು ಅಂದರೆ ಗಿಡ. ಗಿಡ ಅಂದರೆ ಅಣ್ಣ. ಹೀಗೆ ಹೇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ನಾನು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಸಂಗತಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸದೆ ಮಾತಾಡುವುದು ನನಗೆ ಒಗ್ಗದು. ಹಾಗಾಗಿ ಹಿಂದಿನಿಂದ ಬರುತ್ತೇನೆ.

ನಾವು ಮೂವರು ಮಕ್ಕಳು. ತಂಗಿಗೆ ಇಬ್ಬರೂ ಅಣ್ಣಂದಿರೇ ಆದ್ದರಿಂದ ಗೊಂದಲ ಬೇಡವೆಂದು ದೊಡ್ಡವನು ಅಣ್ಣ, ನಾನು ಚಿಕ್ಕಣ್ಣ. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು, ಒಂದು ಗೇಣು ಎತ್ತರ, ಮತ್ತು ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದವನು. ತಂಗಿಗೆ ಒಂಬತ್ತು ವರ್ಷವಿದ್ದಾಗ ವಿಷಮಜ್ವರ ಬಂತು. ಹದಿನೈದು ದಿನ ಜ್ವರ ಇಳಿಯಲಿಲ್ಲ. ಆ ಗುಂಗಿನಲ್ಲಿ ಅವಳು ಶಾಲೆಯ ಗೋಡೆಯ ಪಟದಲ್ಲಿ ಕಂಡಿದ್ದ ಸೇಬು ಬೇಕೆಂದು ಹಟ ಹಿಡಿದಳು. ಆ ಕಾಲದ ಮಾಲೂರಿನಲ್ಲಿ ಸೇಬನ್ನು ಎಲ್ಲಿಂದ ತರುವುದು? ಅಪ್ಪ ಸುಮ್ಮನಾದರು. ಅಣ್ಣ ಷರ್ಟು ಹಾಕಿಕೊಂಡ.

"ಬೆಂಗಳೂರಿಂದ ತರ್ತೀನಿ ಕಣೇ. ಸಾಯಂಕಾಲದ ರೈಲಿಗೆ ಬಂದ್ಬಿಡ್ತೀನಿ. ಚಿಲಕ ಹಾಕ್ಬೇಡ" ಎಂದು ಹೇಳಿ ಬೆಳಗಿನ ಆರೂ ಹತ್ತರ ರೈಲು ಹತ್ತಿದ.

ಬರಲಿಲ್ಲ. ಆ ಸಾಯಂಕಾಲವೂ ಬರಲಿಲ್ಲ, ಮುಂದಿನ ಐವತ್ತೇಳು ವರ್ಷವೂ ಬರಲಿಲ್ಲ. ಅಪ್ಪ ಪೊಲೀಸರ ಬಳಿಗೆ ಹೋದರು, ಆಸ್ಪತ್ರೆಗಳಿಗೆ ಹೋದರು, ಕೊನೆಗೆ ಶಾಸ್ತ್ರ ಹೇಳುವವರ ಬಳಿಗೂ ಹೋದರು. ಸತ್ತ ಸುದ್ದಿ ಇಲ್ಲ, ಬದುಕಿರುವ ಸುದ್ದಿಯೂ ಇಲ್ಲ. ತಂಗಿ ಗಂಜಿ ಕುಡಿದೇ ಗುಣವಾದಳು. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಹಾಜರಿಯನ್ನೂ ಹಾಕದೆ ಗೈರನ್ನೂ ಹಾಕದೆ ಜೀವನಪೂರ್ತಿ ಖಾಲಿ ಬಿಟ್ಟರೆ ಹೇಗಿರುತ್ತದೆ, ಯೋಚಿಸಿ. ನನ್ನಂಥವನಿಗೆ!

ಆ ಖಾಲಿ ಜಾಗದ ಯಜಮಾನಿಕೆ ನನ್ನ ತಂಗಿಯದು. ಅವಳ ಕಟ್ಟಳೆ ಮೂರು, ಮೊದಲನೆಯದು ಚಿಲಕ. ಸಾಯಂಕಾಲದ ರೈಲು ಏಳಕ್ಕೆ ಹತ್ತು ನಿಮಿಷವಿರುವಾಗ ಬರುತ್ತದೆ. ಅದು ಬಂದು, ಇಳಿದ ಜನ ಬೀದಿ ದಾಟಿ ಹೋಗುವವರೆಗೆ ನಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ದೇವರಾಯಸಮುದ್ರಕ್ಕೆ ಮದುವೆಯಾಗಿ ಹೋದವಳು ಅಲ್ಲಿಂದಲೂ ಕಾಗದ ಬರೆಯುತ್ತಿದ್ದಳು: "ಕ್ಷೇಮ. ಕೆರೆ ತುಂಬಿದೆ. ಚಿಲಕ ನೆನಪಿರಲಿ." ಗಂಡ ತೀರಿಕೊಂಡ ಮೇಲೆ ವಾಪಸು ಬಂದು ಆ ಕೆಲಸವನ್ನು ತಾನೇ ವಹಿಸಿಕೊಂಡಳು.

ಎರಡನೆಯದು ಎಲೆ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ನಮ್ಮಲ್ಲಿ ತೀರಿಹೋದವರಿಗೆ ದೇವರ ಕೋಣೆಯಲ್ಲಿ ಎಲೆ ಹಾಕಿ ಎಡೆ ಇಡುತ್ತೇವೆ, ಇರುವವರಿಗೆ ನಡುಮನೆಯಲ್ಲಿ ಎಲೆ. ಅಣ್ಣನ ಎಲೆ ಎಲ್ಲಿ? ಒಳಗಾ, ಹೊರಗಾ? ಪ್ರತಿವರ್ಷ ನನ್ನ ಹೆಂಡತಿ ಬಾಳೆಲೆ ಹಿಡಿದು ನಡುಮನೆಯಲ್ಲಿ ನಿಂತು ಕೇಳುತ್ತಾಳೆ: "ಇಲ್ಲಿ ಮೂರಾ, ನಾಲ್ಕಾ?" ತಂಗಿ ಹೇಳುತ್ತಾಳೆ: "ನಾಲ್ಕು." ಮುಗಿಯಿತು. ಇರುವವರ ಸಾಲಿನಲ್ಲಿ ಅಣ್ಣನಿಗೂ ಒಂದು ಎಲೆ, ಎರಡು ವಡೆ, ಒಂದು ಲೋಟ ನೀರು. ಅವನು ಬರುವುದಿಲ್ಲ, ವಡೆ ವ್ಯರ್ಥವಾಗಬಾರದು. "ಮುಖ ನೋಡಿಲ್ಲದ ಭಾವನ ಪಾಲಿನ ವಡೆ ತಿಂದೂ ತಿಂದೂ ನಾನು ಹಿಂಗಾಗಿದ್ದೀನಿ" ಎಂದು ನನ್ನ ಹೆಂಡತಿ ತನ್ನ ಗಾತ್ರದ ಹೊಣೆಯನ್ನು ಅವನ ಮೇಲೆ ಹೊರಿಸುತ್ತಾಳೆ.

ಮೂರನೆಯದು ಸೇಬು. ತಂಗಿ ಸೇಬು ತಿನ್ನುವುದಿಲ್ಲ. ನಮ್ಮ ಕಡೆ ಸೇಬು ಅಂದರೆ ಹಣ್ಣಲ್ಲ, ಕಾಯಿಲೆಯ ಸಮಾಚಾರ. ಯಾರಾದರೂ ಮಂಚ ಹಿಡಿದರೆ ತಾನೇ ನಾವು ಅದನ್ನು ಕೊಳ್ಳುವುದು? ಕೆಲವು ವರ್ಷಗಳ ಹಿಂದೆ ಕೋಲಾರದ ಆಸ್ಪತ್ರೆಯಲ್ಲಿ ಅವಳಿಗೆ ಪಿತ್ತಕೋಶದ ಕಲ್ಲು ತೆಗೆದರು. ನೋಡಲು ಬಂದವರೆಲ್ಲ ಸೇಬು ತಂದರು. ಅವಳು ಒಂದನ್ನೂ ಮುಟ್ಟದೆ ಇಡೀ ವಾರ್ಡಿಗೆ ಹಂಚಿಸಿದಳು. ನರ್ಸಮ್ಮ ಕೇಳಿದ್ದಕ್ಕೆ, "ನನ್ನ ಸೇಬು ಬೇರೆ ಬರ್ತಾ ಇದೆ" ಅಂದಳು. ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಮತ್ತಿನ ಇಂಜೆಕ್ಷನ್ ಇನ್ನೂ ಇಳ್ದಿಲ್ಲ ಅನ್ಸುತ್ತೆ" ಎಂದು ಮೆಲ್ಲಗೆ ಹೇಳಿದಳು.

"ಐವತ್ತು ವರ್ಷದಿಂದ ಇಳ್ದಿಲ್ಲಮ್ಮ" ಅಂದೆ.

ಆ ಮಾತು ನಡೆದ ಮೇಲೆಯೇ ಅವಳು ಬಿಸಿಲುನಾಡಿಗೆ ಹೊಂದುವ ಸಿಹಿ ಸೇಬಿನ ತಳಿಗಳು ಬಂದಿವೆಯೆಂದು ಫೋನಿನಲ್ಲಿ ನೋಡಿದ್ದು. ಮಾವು ಬಿಟ್ಟು ಬೇರೆ ಹಣ್ಣನ್ನು ಹಣ್ಣೆಂದೇ ಒಪ್ಪದ ಈ ಸೀಮೆಯಲ್ಲಿ ಸೇಬು! ನಾನು ನಕ್ಕೆ. ಅವಳು ನಗಲಿಲ್ಲ. ಯಾವುದೋ ನರ್ಸರಿಗೆ ಫೋನು ಹಚ್ಚಿ, "ಬಿಸಿಲಲ್ಲಿ ಬರೋದು, ಸಿಹಿ ಇರೋದು, ಒಂದು ಕಳ್ಸಿ" ಎಂದಳು. ಹೆಸರು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಗಿಡ ಬಂದದ್ದು ಒಂದು ಸಾಯಂಕಾಲ. ಆಳುದ್ದದ ರಟ್ಟಿನ ಪೆಟ್ಟಿಗೆ, ಸುತ್ತ ಒದ್ದೆ ಗೋಣಿ. ಅದನ್ನು ತಂದವನು ಮಗು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಅಡ್ಡಡ್ಡಲಾಗಿ ಎತ್ತಿಕೊಂಡು ಗೇಟಿನಲ್ಲಿ ನಿಂತಿದ್ದ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ನಾಲ್ಕು ಅಕ್ಷರ: ಎ, ಎನ್, ಎನ್, ಎ. ಅದರ ಕೆಳಗೆ 'ಲೈವ್', ಅಂದರೆ ಜೀವಂತ, ಎಂದಿತ್ತು. ಲೈವ್ ಏನು ಎಂಬ ಮುಂದಿನ ಪದ ನೀರಿಗೆ ಅಳಿಸಿಹೋಗಿತ್ತು.

ನನ್ನ ಹೆಂಡತಿ ಓದಿದಳು: "ಅನ್ನ. ಯಾರ್ರೀ ಅನ್ನ ಪಾರ್ಸಲ್ ತರ್ಸಿದ್ದು? ನಾನು ಮುದ್ದೆ ಮಾಡಿದ್ದೀನಿ!"

ಎದುರುಮನೆಯಾಕೆ ಮುಳಬಾಗಿಲಿನ ಕಡೆಯವರು, ಮನೆಮಾತು ತೆಲುಗು. ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, "ಅನ್ನ ಅಂಟೇ ಅಣ್ಣನೇ ಕದಾ ಸಾರ್!" ಎಂದರು.

ಅದು ತಳಿಯ ಹೆಸರು, ಯಾವುದೋ ಹೊರದೇಶದ್ದು ಎಂದು ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಯಂಕಾಲದ ರೈಲು ಕೂಗಿತು. ತಂಗಿ ಮೆಟ್ಟಿಲಿಳಿದು ಬಂದಳು. ನಾಲ್ಕು ಅಕ್ಷರದ ಮೇಲೆ ಬೆರಳಾಡಿಸಿದಳು. ಒದ್ದೆ ಗೋಣಿಯ ಮೇಲೆ ಅಂಗೈ ಇಟ್ಟು ಬಹಳ ಮೆಲ್ಲಗೆ ಕೇಳಿದಳು:

"ಇಷ್ಟೊತ್ತಾ ಬರೋಕೆ?"

ಪೆಟ್ಟಿಗೆ ತಂದವನು ತನ್ನನ್ನೇ ಕೇಳಿದರೆಂದು ತಿಳಿದ. "ಹೂನಮ್ಮ, ಲೇಟಾಯ್ತು. ಬೆಂಗಳೂರಲ್ಲಿ ಸಿಕ್ಕಾಕ್ಕೊಂಬಿಟ್ಟಿತ್ತು" ಎಂದ.

ಹೆಂಡತಿ ಮುದ್ದೆ ತಳ ಹಿಡಿಯುತ್ತದೆಂದು ಒಳಗೆ ಓಡಿದಳು. ಮುದ್ದೆ ಮಾಡಿ ಇಳಿಸಿ ಅರ್ಧ ಗಂಟೆಯಾಗಿತ್ತು!

ಮರುದಿನ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ನಾನೇ ತೆಗೆದೆ. ಕುರಿಗೊಬ್ಬರ, ಬೇವಿನ ಹಿಂಡಿ, ಕೆಂಪುಮಣ್ಣು. ಹಿತ್ತಲಿನಲ್ಲಿ ಜಾಗವಿತ್ತು. ತಂಗಿ ಒಪ್ಪಲಿಲ್ಲ. ಗೇಟಿಗೂ ಬಾಗಿಲಿಗೂ ನಡುವೆ, ಬಂದವನು ಚಪ್ಪಲಿ ಬಿಡುವ ಜಾಗದಲ್ಲಿಯೇ ಆಗಬೇಕು.

"ಅದು ಗಿಡ ಕಣೇ" ಅಂದೆ.

"ಗಿಡ ಅಂತ ನನಗೂ ಗೊತ್ತು. ಅಣ್ಣ ಅಂತಲೂ ಗೊತ್ತು. ನಿನಗೆ ಒಂದೇ ಗೊತ್ತಿರೋದು" ಅಂದಳು.

ಸೇಬು ಚಳಿದೇಶದ ಗಿಡ. ಅಲ್ಲಿ ಚಳಿಗಾಲಕ್ಕೆ ಎಲೆ ತಾನಾಗಿ ಉದುರಿ ಗಿಡ ನಿದ್ದೆ ಹೋಗುತ್ತದೆ, ಎದ್ದ ಮೇಲೆ ಹೂ ಬಿಡುತ್ತದೆ. ನಮ್ಮ ಹವೆಗೆ ಅದಕ್ಕೆ ನಿದ್ದೆಯೇ ಹತ್ತುವುದಿಲ್ಲ. ಆದ್ದರಿಂದ ಡಿಸೆಂಬರಿನಲ್ಲಿ ಎಲೆಯನ್ನೆಲ್ಲ ಕೈಯಿಂದಲೇ ಕಿತ್ತು ಮಲಗಿಸಬೇಕು. ತಂಗಿ ಸ್ಟೂಲು ಹಾಕಿಕೊಂಡು ಒಂದೊಂದೇ ಎಲೆ ಕಿತ್ತಳು. ಕೀಳುವಾಗ "ಮಲಕ್ಕೋ, ಮಲಕ್ಕೋ" ಎಂದು ಗೊಣಗುತ್ತಿದ್ದಳು. ಸುತ್ತೆಲ್ಲ ಹೊಂಗೆ, ಬೇವು, ಮಾವು ಹಸಿರಾಗಿರುವಾಗ ನಮ್ಮ ಅಂಗಳದಲ್ಲಿ ಮಾತ್ರ ನೆಲದಿಂದ ಎದ್ದ ಕೈಯ ಹಾಗೆ ಬೋಳುಗಿಡ. ಎರಡು ದಿನ ನೋಡಿದಳು. ಮೂರನೆಯ ದಿನ ಟ್ರಂಕಿನಿಂದ ಅಣ್ಣನ ಅರ್ಧ ತೋಳಿನ ಷರ್ಟು ತೆಗೆದು ಗಿಡಕ್ಕೆ ತೊಡಿಸಿದಳು. ಎರಡು ಕೊಂಬೆ ಎರಡು ತೋಳಿನಲ್ಲಿ ಸರಿಯಾಗಿ ಕೂತವು. ಅಳತೆ ತೆಗೆದು ಹೊಲಿದಂತೆ!

ಮಾಲೂರಿನ ಡಿಸೆಂಬರ್ ಬೆಳಗೆಂದರೆ ಅರ್ಧ ಮಂಜು, ಅರ್ಧ ಇಟ್ಟಿಗೆ ಗೂಡಿನ ಹೊಗೆ. ಮರುದಿನ ಆರೂಕಾಲಿಗೆ ಗೇಟಿನ ಹೊರಗೆ ಹಾಲಿನ ಕ್ಯಾನು ಉರುಳಿದ ಸದ್ದು. ಹೋಗಿ ನೋಡಿದರೆ ಹಾಲಿನವನು ಬೀದಿಯ ಆಚೆ ಬದಿಯಲ್ಲಿ ಗೋಡೆಗೆ ಒರಗಿ ನಿಂತಿದ್ದಾನೆ.

"ಸಾರ್... ಒಳ್ಗಡೆ ಯಾರೋ ನಿಂತವ್ರೆ ಸಾರ್. ಷರ್ಟೈತೆ. ತಲೆ ಇಲ್ಲ."

ಒಳಗಿನಿಂದ ತಂಗಿಯ ದನಿ ಬಂತು: "ತಲೆ ಇದ್ದಿದ್ರೆ ಇಷ್ಟು ವರ್ಷ ಅಲೀತಿದ್ನಾ?"

ಅಂದಿನಿಂದ ಹಾಲಿನವನು ಗೇಟಿನ ಹೊರಗಿನಿಂದಲೇ ಹಾಲು ಅಳೆಯುತ್ತಾನೆ. ನೀರು ಬೆರೆಸುವುದನ್ನೂ ಬಿಟ್ಟಿದ್ದಾನೆ.

ಎರಡನೆಯ ಚಳಿಗಾಲಕ್ಕೆ ಅವಳ ತಲೆಗೆ ಹೊಸದೊಂದು ಹೊಕ್ಕಿತು. ಮಾಲೂರಿನ ಚಳಿ ಸಾಲದು, ಬುಡಕ್ಕೆ ಐಸ್ ಇಡಬೇಕು! ನನಗೆ ಹೇಳದೆ ಆಟೋದಲ್ಲಿ ಎರಡು ದೊಡ್ಡ ಐಸ್ ಗಡ್ಡೆ ತರಿಸಿದಳು. ಹೊಟ್ಟು ಮೆತ್ತಿದ ಗಡ್ಡೆಗಳನ್ನು ಇಬ್ಬರು ಹೊತ್ತು ಗೇಟಿನೊಳಗೆ ಇಳಿಸಿದ್ದನ್ನು ಇಡೀ ಬೀದಿ ನೋಡಿತು. ನಮ್ಮ ಕಡೆ ಮನೆ ಬಾಗಿಲಿಗೆ ಐಸ್ ಗಡ್ಡೆ ಬಂತೆಂದರೆ ಅರ್ಥ ಒಂದೇ: ಒಳಗೆ ಹೆಣವಿದೆ, ದೂರದಿಂದ ಯಾರೋ ಬರಬೇಕಾಗಿದೆ.

ಹತ್ತು ನಿಮಿಷದಲ್ಲಿ ಅಂಗಳದ ತುಂಬ ಜನ. ನಾನು ಆಗಷ್ಟೇ ವಾಕಿಂಗ್ ಮುಗಿಸಿ ಬರುತ್ತಿದ್ದೆ. ನನ್ನನ್ನು ಕಂಡು ಕೆಲವರಿಗೆ ಆಶ್ಚರ್ಯ, ಒಂದಿಬ್ಬರಿಗೆ ನಿರಾಸೆ!

"ಸಾರ್, ನೀವಲ್ವಾ?" ಎಂದೇ ಕೇಳಿಬಿಟ್ಟ ಒಬ್ಬ.

"ಎವರು ಪೋಯಿನಾರು? ಯಾರು ಹೋದ್ರು?" ಎಂದು ಎದುರುಮನೆಯಾಕೆ ಎರಡೂ ಭಾಷೆಯಲ್ಲಿ ಅಳತೊಡಗಿದರು. ಅವರನ್ನು ಸಮಾಧಾನ ಮಾಡಲು ಹೋದ ನನ್ನ ಹೆಂಡತಿಗೂ ಅಳು ಬಂತು. ಯಾರಿಗಾಗಿ ಎಂದು ಅವಳಿಗೇ ಗೊತ್ತಿರಲಿಲ್ಲ.

ತಂಗಿ ಐಸನ್ನು ಗಿಡದ ಬುಡಕ್ಕೆ ನೂಕುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿಕೊಂಡು, "ಯಾರೂ ಹೋಗಿಲ್ಲ. ಯಾರು ಬರ್ಬೇಕಾಗಿತ್ತೋ ಅವನು ಬಂದಾಯ್ತು" ಅಂದಳು. ಜನ ಒಬ್ಬೊಬ್ಬರೇ ಹಿಂದೆ ಹಿಂದೆ ಸರಿದು ಹೋದರು.

ಆದರೆ ಯಾರೋ ಒಬ್ಬರು ಅವಸರದಲ್ಲಿ ಸುಗಂಧರಾಜದ ಹಾರ ಕೊಂಡು ತಂದಿದ್ದರು. ವಾಪಸು ಒಯ್ಯುವುದು ಅಪಶಕುನವೆಂದು ಹೋಗುವಾಗ ಅದನ್ನು ಗಿಡಕ್ಕೆ ಹಾಕಿ ಹೋದರು. ಆ ಚಳಿಗೂ ತೊಡಿಸಿದ್ದ ಅಣ್ಣನ ಬಿಳಿ ಷರ್ಟು, ಮೇಲೆ ಹಾರ. ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಅಣ್ಣನ ಫೋಟೋಗೆ ಯಾರೂ ಹಾರ ಹಾಕಿರಲಿಲ್ಲ. ಹಾಕಲು ಅಮ್ಮ ಬಿಟ್ಟಿರಲಿಲ್ಲ, ಆಮೇಲೆ ತಂಗಿ ಬಿಡಲಿಲ್ಲ. ಅವಳು ತಿರುಗಿ ನೋಡಿದಳು. ನೋಡಿದ್ದೇ ತಡ, ಹಾರವನ್ನು ಕಿತ್ತು ಗೇಟಿನಾಚೆ ಎಸೆದಳು.

"ಯಾರು ಹಾಕಿದ್ದು ಇದನ್ನ? ಯಾರು ಹಾಕಿದ್ದು?"

ಅವಳು ಕೂಗಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಂದು ನಾನು ಐಸಿನ ವಿಷಯ ಎತ್ತಲಿಲ್ಲ.

ಇನ್ನೊಂದನ್ನು ಹೇಳಬೇಕೋ ಬೇಡವೋ! ಗಿಡ ಬೆಳೆದ ಮೇಲೆ ನಾನು ಗಮನಿಸಿದ್ದು: ಸಾಯಂಕಾಲ ಏಳಕ್ಕೆ ಹತ್ತು ನಿಮಿಷವಿರುವಾಗ ಅದರ ಎಲೆಗಳು ಅಲುಗುತ್ತವೆ. ಗಾಳಿ ಇರಲಿ ಬಿಡಲಿ. ಪಕ್ಕದಲ್ಲೇ ಇರುವ ದಾಸವಾಳ ಸುಮ್ಮನಿರುತ್ತದೆ, ಇದು ಮಾತ್ರ ಸರಸರ ಎನ್ನುತ್ತದೆ. ನನ್ನ ಜೊತೆಯಲ್ಲಿ ನಿವೃತ್ತರಾದ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. "ರೈಲು ಬಂದಾಗ ನೆಲ ಅದುರುತ್ತೆ, ಎಳೇ ಗಿಡ ಅಲುಗುತ್ತೆ. ಇಷ್ಟೂ ಗೊತ್ತಾಗಲ್ವೇನ್ರೀ?" ಎಂದು ಗದರಿದರು. ಸರಿ. ಸಮಾಧಾನವಾಯಿತು. ಮನೆಗೆ ಬಂದ ಮೇಲೆ ನೆನಪಾಯಿತು: ಭಾನುವಾರ ಆ ರೈಲು ಇಲ್ಲ. ಭಾನುವಾರವೂ ಎಲೆ ಅಲುಗುತ್ತದೆ. ಇದನ್ನು ನಾನು ಮತ್ತೆ ಅವರ ಬಳಿ ಕೇಳಲಿಲ್ಲ.

ಮೂರನೆಯ ವರ್ಷ ಹೂ ಬಂತು. ಬಿಳುಪಿಗೆ ನಸುಗುಲಾಬಿ ಹಚ್ಚಿದಂತೆ. ಎಲ್ಲ ಉದುರಿತು. ನಾಲ್ಕನೆಯ ವರ್ಷವೂ ಬಂತು, ಉದುರಿತು. ಕಳೆದ ಮಹಾಲಯ ಅಮಾವಾಸ್ಯೆಯ ದಿನ ಹೆಂಡತಿ ಎಂದಿನಂತೆ "ಮೂರಾ, ನಾಲ್ಕಾ?" ಎಂದಾಗ ನನಗೆ ತಡೆಯಲಾಗಲಿಲ್ಲ.

"ನನಗೆ ಎಪ್ಪತ್ನಾಲ್ಕಾಯ್ತು ಕಣೇ. ಇನ್ನೆಷ್ಟು ವರ್ಷ? ನಾನು ಇರೋವಾಗ್ಲೇ ಅವನ ಎಲೆ ಒಳಗೆ ಹಾಕ್ಬಿಡೋಣ. ನಾವೂ ಹೋದ್ಮೇಲೆ ಅವನಿಗೆ ಎಡೆ ಇಡೋರು ಯಾರಿದ್ದಾರೆ?"

ತಂಗಿ ಬಹಳ ಹೊತ್ತು ಗಿಡದ ಕಡೆಗೆ ನೋಡಿದಳು.

"ಮುಂದಿನ ಹಬ್ಬದೊಳಗೆ ಅವನು ಸೇಬು ಕೊಡ್ದಿದ್ರೆ ಎಲೆ ಒಳಗೆ ಹಾಕು. ನಾನು ಅಡ್ಡ ಬರಲ್ಲ. ಕೊಟ್ರೆ, ಇನ್ಮೇಲೆ ಈ ಮಾತು ನೀನು ಎತ್ಬಾರ್ದು."

"ಆಗ್ಲಿ."

"ಮಾತು ಕೊಟ್ಟಿದ್ದೀಯ."

"ಕೊಟ್ಟಿದ್ದೀನಿ."

ಈಗ ಹೇಳಿ, ಗೆಲ್ಲಬೇಕಾದವನು ಯಾರು? ನಾನು! ಕೈಕಟ್ಟಿ ಕುಳಿತಿದ್ದರೆ ಸಾಕಿತ್ತು. ಆದರೆ ಫೆಬ್ರವರಿಯಲ್ಲಿ ಮತ್ತೆ ಮೊಗ್ಗು ಒಡೆದು ಅವಳು ದಿನಾ ಮೊಗ್ಗು ಎಣಿಸತೊಡಗಿದಾಗ ನಾನು ಬಸ್ಸು ಹತ್ತಿ ಕೋಲಾರದ ಮೇಲೆ ಹಾದು ಶ್ರೀನಿವಾಸಪುರಕ್ಕೆ ಹೋದೆ. ಯಾಕೆಂದು ಕೇಳಬೇಡಿ. ನಾನು ದಿನದ ಕೆಲಸವನ್ನು ಪುಸ್ತಕದಲ್ಲಿ ಬರೆದಿಡುವವನು. ಆ ದಿನದ ಪುಟದಲ್ಲಿ 'ಶ್ರೀನಿವಾಸಪುರ' ಎಂದಷ್ಟೇ ಇದೆ, ಕಾರಣ ಬರೆದಿಲ್ಲ.

ಅಲ್ಲಿ ಮಾವಿನ ತೋಪಿನ ಅಂಚಿನಲ್ಲಿ ಹತ್ತು ಸೇಬಿನ ಗಿಡ ಬೆಳೆಸಿರುವ ರೈತರೊಬ್ಬರಿದ್ದಾರೆಂದು ಕೇಳಿದ್ದೆ. ನನ್ನ ಕಥೆಯನ್ನೆಲ್ಲ ಕೇಳಿ ಅವರು, "ಒಂಟಿ ಗಿಡ ಸಾರ್. ಹೂ ಬಿಡ್ತದೆ, ಕಾಯಿ ಕಚ್ಚಲ್ಲ. ಬೇರೆ ಜಾತೀದು ಒಂದು ಪಕ್ಕದಾಗಿರ್ಬೇಕು. ನಿಮ್ಮೋನಿಗೆ ಜೊತೆ ಇಲ್ಲ, ಅಷ್ಟೇಯ" ಎಂದರು. ಬೇರೆ ತಳಿಯ ಒಂದು ಹಿಡಿ ಹೂ ಕಿತ್ತು ನನ್ನ ಸ್ಟೀಲ್ ಡಬ್ಬಿಗೆ ಹಾಕಿದರು. ಇದರ ಹುಡಿಯನ್ನು ಕುಂಚದಿಂದ ಅದರ ಹೂವಿಗೆ ಮುಟ್ಟಿಸಬೇಕು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವನು ತೊಡೆಯ ಮೇಲಿನ ಡಬ್ಬಿ ನೋಡಿ, "ಏನ್ ಸಾರ್, ಚಿತ್ರಾನ್ನನಾ?" ಎಂದ.

"ಮದುವೆ ಸಾಮಾನು ಕಣಪ್ಪ" ಎಂದೆ.

ಎರಡು ಬೆಳಿಗ್ಗೆ, ತಂಗಿ ಸ್ನಾನಕ್ಕೆ ಹೋದ ಹದಿನೈದು ನಿಮಿಷದಲ್ಲಿ, ಕಳ್ಳನ ಹಾಗೆ ಈ ಕೆಲಸ ಮಾಡಿದೆ. ಕೈಗೆಟುಕಿದ ಹದಿನಾಲ್ಕು ಹೂಗಳಿಗೆ ಮುಟ್ಟಿಸಿದೆ. ತುದಿಯ ಗೊಂಚಲು ಎಟುಕಲಿಲ್ಲ. ಏಣಿ ಹಾಕಿದರೆ ಸದ್ದಾಗುತ್ತದೆಂದು ಬಿಟ್ಟೆ.

ಕಾಯಿ ಕಚ್ಚಿತು! ನನ್ನ ಹದಿನಾಲ್ಕರಲ್ಲಿ ಒಂಬತ್ತು. ಬಟಾಣಿಯಷ್ಟಾದವು, ಗೋಲಿಯಷ್ಟಾದವು. ಏಪ್ರಿಲ್ ಬಿಸಿಲಿಗೆ ಒಂದೊಂದಾಗಿ ಉದುರಿದವು. ತಿಂಗಳ ಕೊನೆಗೆ ಒಂಬತ್ತೂ ನೆಲದ ಮೇಲೆ. ಅವನ್ನು ಗುಡಿಸಿ ಎತ್ತುವಾಗ ನನಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ತಲೆಯೆತ್ತಿದೆ. ತುದಿಯಲ್ಲಿ, ನಾನು ಮುಟ್ಟದ ಗೊಂಚಲಿನಲ್ಲಿ, ಎಲೆಯ ಮರೆಯಲ್ಲಿ ಒಂದು ಕಾಯಿ ನನ್ನನ್ನೇ ನೋಡುತ್ತಿತ್ತು.

ಹಿಂದಿನಿಂದ ತಂಗಿ ಹೇಳಿದಳು: "ನೀನು ಮುಟ್ಟಿದ್ದು ಹದಿನಾಲ್ಕು."

ಬಚ್ಚಲ ಕಿಟಕಿಯಿಂದ ಎರಡೂ ದಿನ ನೋಡಿದ್ದಾಳೆ!

"ಅದನ್ನ ಯಾರು ಮುಟ್ಟಿದ್ರು, ಚಿಕ್ಕಣ್ಣ?"

"ಜೇನುಹುಳ ಇರುತ್ತೆ ಕಣಮ್ಮಾ" ಎಂದಳು ನನ್ನ ಹೆಂಡತಿ. ಹೇಳುತ್ತಲೇ ನನ್ನ ಹತ್ತಿರಕ್ಕೆ ಸರಿದು ನಿಂತಳು.

"ಇರ್ಬಹುದು ಅತ್ತಿಗೆ. ಆದ್ರೆ ಅಣ್ಣ ಇವನಿಗಿಂತ ಒಂದು ಗೇಣು ಎತ್ತರ ಇದ್ದ."

ಇಷ್ಟು ಹಿಂದಿನದು. ಇನ್ನು ಆ ಭಾನುವಾರಕ್ಕೆ ಬರುತ್ತೇನೆ.

ಆರೂ ಹತ್ತು. ತಂಗಿ ಸೆರಗೊಡ್ಡಿ ನಿಂತಿದ್ದಾಳೆ. ಹೆಂಡತಿ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಳೆ. ನಾನು ಏಣಿಯ ಪಕ್ಕದಲ್ಲಿ. ಹಣ್ಣು ಕೆಂಪಾಗಿತ್ತು, ಅದೂ ಸ್ಟೇಷನ್ನಿನ ಕಡೆಯ ಕೆನ್ನೆ ಮಾತ್ರ. ಆಗ ಒಂದು ಗಿಳಿ ಬಂದು ನೇರವಾಗಿ ಆ ಕೊಂಬೆಯ ಮೇಲೆ ಕೂತಿತು. ಕತ್ತು ಓರೆ ಮಾಡಿ ಹಣ್ಣನ್ನು ನೋಡಿತು. ತಂಗಿಯ ಮುಖ ಬಿಳಿಚಿತು. ಕೂಗಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಒಂದು ಕೊಕ್ಕು ಬಿದ್ದರೆ ಐವತ್ತೇಳು ವರ್ಷ ಎಂಜಲು!

ನಿವೃತ್ತನಾದ ಮೇಲೆ ಬಳಸದಿದ್ದ ನನ್ನ ದನಿ ಎಲ್ಲಿತ್ತೋ, ಹೊರಬಂತು:

"ಸಾವಧಾನ್!"

ಗಿಳಿ ಕಿರುಚಿ ಹಾರಿತು. ಕೊಂಬೆ ಬಿಲ್ಲಿನ ಹಾಗೆ ಮೇಲೆದ್ದಿತು. ಹಣ್ಣು ಕಳಚಿ, ಒಂದು ಎಲೆಗೂ ತಾಗದೆ, ನೆಟ್ಟಗೆ ಅವಳ ಸೆರಗಿಗೆ ಬಂದು ಬಿತ್ತು.

ಹೆಂಡತಿ ಕಾಫಿ ಲೋಟ ಮೆಟ್ಟಿಲ ಮೇಲಿಟ್ಟು ಹೇಳಿದಳು: "ಅಂತೂ ಭಾವ ಒಂದು ಸಲ ನಿಮ್ಮ ಮಾತು ಕೇಳಿದ್ರು ನೋಡಿ."

ಒಳಗೆ ಹೋದೆವು. ಹಣ್ಣನ್ನು ತೊಳೆದು ತಟ್ಟೆಯಲ್ಲಿಟ್ಟು ಹೆಂಡತಿ ಚಾಕು ಹಿಡಿದಳು. ಅಭ್ಯಾಸಬಲದಿಂದ ಅದೇ ಮಾತು ಬಂತು.

"ಮೂರಾ, ನಾಲ್ಕಾ?"

ನಾನು ಗೋಡೆ ನೋಡಿದೆ. ಸೋತವನು ಮಾತು ಎತ್ತುವಂತಿಲ್ಲ. ಹೆಂಡತಿ ಉತ್ತರಕ್ಕೂ ಕಾಯದೆ ನಾಲ್ಕು ಹೋಳಿಗೆ ಚಾಕು ಇಟ್ಟಳು.

"ಮೂರು" ಎಂದಳು ತಂಗಿ.

ಚಾಕು ಅಲ್ಲೇ ನಿಂತಿತು.

"ಅವನು ತರೋನು ಅತ್ತಿಗೆ. ತಂದ. ತಿನ್ನೋರು ನಾವು ಮೂವರೇ."

ತನ್ನ ಹೋಳನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಒಂಬತ್ತು ವರ್ಷದವಳ ಹಾಗೆ ಮೊದಲು ಮೂಸಿದಳು. ಕಚ್ಚಿದಳು. ನಿಧಾನವಾಗಿ ಅಗಿದಳು. ನಾವಿಬ್ಬರೂ ಅವಳ ದವಡೆಯನ್ನೇ ನೋಡುತ್ತಿದ್ದೆವು.

"ಹೆಂಗಿದೆ?" ಎಂದೆ.

"ಸಿಹಿ ಇದೆ" ಎಂದಳು. ಮತ್ತೆ ಅಗಿದಳು. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಇಷ್ಟೇನಾ? ಇಷ್ಟಕ್ಕೆ ಅಷ್ಟು ದೂರ ಹೋಗ್ಬೇಕಾಗಿತ್ತಾ ಇವನು?"

ಉಳಿದ ದಿನವನ್ನು ಪುಸ್ತಕದಲ್ಲಿ ಬರೆದಂತೆಯೇ ಹೇಳುತ್ತೇನೆ. ಏಳೂವರೆಗೆ ಏಣಿ ಒಳಗಿಟ್ಟೆ. ಎಂಟಕ್ಕೆ ತಿಂಡಿ. ಒಂಬತ್ತಕ್ಕೆ ತಂಗಿ ಅಣ್ಣನ ಷರ್ಟು ಒಗೆದು ಹರವಿದಳು, ಮಧ್ಯಾಹ್ನ ಮಡಿಸಿ ಅದನ್ನು ಟ್ರಂಕಿನಲ್ಲಿಡದೆ ದೇವರ ಕೋಣೆಯಲ್ಲಿಟ್ಟಳು. "ಈ ಸಲ ಹಬ್ಬಕ್ಕೆ ಒಳಗೆ ಒಂದು ಎಲೆ ಹೆಚ್ಚಿಗೆ ಬೇಕು" ಎಂದು ಹೆಂಡತಿಗೆ ಹೇಳಿದಳಂತೆ. ನಾಲ್ಕಕ್ಕೆ ನಾನು ಶ್ರೀನಿವಾಸಪುರಕ್ಕೆ ಫೋನು ಮಾಡಿ ಬೇರೆ ತಳಿಯ ಒಂದು ಸಸಿ ತೆಗೆದಿಡಲು ಹೇಳಿದೆ. ಜೊತೆ ಬೇಕಲ್ಲ! ಐದಕ್ಕೆ ಗಿಡಕ್ಕೆ ನೀರು.

ಏಳಕ್ಕೆ ಹತ್ತು ನಿಮಿಷವಿರುವಾಗ ಅಂಗಳದಲ್ಲಿ ನಿಂತೆ. ಭಾನುವಾರ, ರೈಲಿರಲಿಲ್ಲ. ಎಲೆಗಳನ್ನೇ ನೋಡುತ್ತಿದ್ದೆ. ಒಂದೂ ಅಲುಗಲಿಲ್ಲ. ಗಿಡ ಗಿಡದ ಹಾಗೆ ನಿಂತಿತ್ತು. ಒಳಗೆ ಬಂದು ಬಾಗಿಲು ಮುಂದಕ್ಕೆ ಎಳೆದು, ಎಂದಿನಂತೆ ಚಿಲಕ ಮುಟ್ಟದೆ ತಿರುಗಿದೆ. ತಂಗಿ ಎಂದಿನಂತೆ ಹೊಸ್ತಿಲ ಬಳಿ ನಿಂತಿರಲಿಲ್ಲ. ನಡುಮನೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಚಿಲಕ ಹಾಕ್ಬಿಡು, ಅಣ್ಣ."

ನಾನು ಬೆನ್ನ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವಳು ಕರೆದದ್ದು ನನ್ನನ್ನೇ.

ಚಿಲಕ ಹಾಕಿದೆ.